ಮೊಮ್ಮಗಳು ಒಲ್ಲೆನೆಂದ ಸ್ವೆಟರ್

ನಾವು ಹಾಸನದ ಕಡೆಯವರು. ಯಜಮಾನರು ತೀರಿಕೊಂಡ ಮೇಲೆ ದೆಹಲಿಯಲ್ಲಿ ಮಗನ ಜೊತೆಗಿದ್ದೇನೆ. ಚಾಣಕ್ಯಪುರಿ, ವಿನಯ ಮಾರ್ಗದ ಸರ್ಕಾರಿ ಕ್ವಾರ್ಟರ್ಸ್. ಮಗ ಸೊಸೆ ಇಬ್ಬರೂ ಆಫೀಸಿಗೆ ಹೋಗುವವರು. ಚಳಿಗಾಲದಲ್ಲಿ ಹತ್ತು ಗಂಟೆಗೆ ಬಿಸಿಲು ಬಿದ್ದರೆ ಕೆಳಗೆ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಹೆಣೆಯುತ್ತ ಕೂರುವುದೇ ನನ್ನ ಕೆಲಸ. ನಾನು ಕಡ್ಡಿ ಹಿಡಿದದ್ದು 1962ರಲ್ಲಿ, ಚೀನಾ ಯುದ್ಧದ ಸೈನಿಕರಿಗೆಂದು ಸ್ಕೂಲಿನಲ್ಲಿ ಮಫ್ಲರ್ ಹೆಣೆಯಿಸಿದಾಗ.

ಮಗನ ಸ್ನೇಹಿತರೊಬ್ಬರು ಪೆರು ದೇಶದ ಲಿಮಾದಲ್ಲಿ ಪೋಸ್ಟಿಂಗ್ ಮುಗಿಸಿ ಬರುವಾಗ ಹತ್ತು ಉಂಡೆ ಅಲ್ಪಾಕ ಉಲ್ಲನ್ ತಂದುಕೊಟ್ಟರು. ಬೆಲ್ಲದ ಬಣ್ಣ, ಬಣ್ಣ ಹಾಕಿದ್ದಲ್ಲವಂತೆ, ಪ್ರಾಣಿಯದೇ. ಇಷ್ಟು ವರ್ಷ ಲೂಧಿಯಾನದ ಉಲ್ಲನ್ ಹೆಣೆದ ಕೈಗೆ ಅದು ಬೇರೆಯೇ ಅನ್ನಿಸಿತು. ಹನ್ನೊಂದನೇ ಕ್ಲಾಸಿನ ಮೊಮ್ಮಗಳಿಗೆಂದು ಶುರು ಮಾಡಿದೆ. ಬೆನ್ನಿನ ಪಲ್ಲಾ ಕಂಕುಳವರೆಗೆ ಬಂದಾಗ ಅವಳು ಉಂಡೆಯ ಲೇಬಲ್ ನೋಡಿದಳು. ‘ಬೇಬಿ ಅಲ್ಪಾಕ’ ಎಂದು ಬರೆದಿದೆ. ‘ಅಜ್ಜಿ, ಇದು ಮರಿಯ ಕೂದಲು, ನಾನು ಹಾಕ್ಕೊಳ್ಳಲ್ಲ’ ಅಂದಳು. ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಪ್ರಾಣಿಯ ಕಾಲು ಕಟ್ಟಿ ಎಳೆದು ಕತ್ತರಿಸುತ್ತಿದ್ದರು, ಅದು ಕೂಗುತ್ತಿತ್ತು. ನನಗೆ ಪೂರ್ತಿ ನೋಡಲಾಗಲಿಲ್ಲ. ಆದರೂ ಸಿಟ್ಟು ಬಂತು. ‘ನಿನ್ನ ತಾತ ಉಣ್ಣೆಯ ಧಾಬಳಿ ಉಟ್ಟೇ ಪೂಜೆ ಮಾಡಿದ್ದು, ನಮಗೆ ನೀನು ಪಾಪ ಪುಣ್ಯ ಹೇಳಿಕೊಡಬೇಡ’ ಎಂದುಬಿಟ್ಟೆ. ಅವಳು ಇಂಗ್ಲಿಷಿನಲ್ಲಿ ಏನೋ ಹೇಳಿ ಬಾಗಿಲು ಹಾಕಿಕೊಂಡಳು. ಸೊಸೆ, ‘ತಲೆ ಕೆಡಿಸಿಕೊಳ್ಳಬೇಡಿ ಅತ್ತೆ, ಕೆಲಸದವಳಿಗೆ ಕೊಟ್ಟುಬಿಡಿ’ ಅನ್ನುತ್ತಾಳೆ. ಒಗೆದು ತಂತಿಗೆ ಹಾಕಿದ್ದ ಪಲ್ಲಾ ಬೇರೆ ಎರಡು ಬೆರಳು ಉದ್ದವಾಗಿದೆ. ಇದು ನಿಜವಾಗಿ ಪಾಪದ ಉಣ್ಣೆಯೇ? ಬಿಚ್ಚಿಬಿಡಲೇ? ಹುಡುಗಿಯ ಹತ್ತಿರ ಏನೆಂದು ಮಾತಾಡಲಿ?
– ಹೆಸರು ಬೇಡ, ಚಾಣಕ್ಯಪುರಿ

ಅಮ್ಮಾ, ಮರಿಯ ವಿಷಯ ಮೊದಲು ಮುಗಿಸೋಣ. ಲೇಬಲ್ಲಿನ ‘ಬೇಬಿ’ ಉಣ್ಣೆಯ ದರ್ಜೆ, ಪ್ರಾಣಿಯ ವಯಸ್ಸಲ್ಲ. ಎಳೆಯ ದಪ್ಪವನ್ನು ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಲ್ಲಿ, ಅಳೆಯುತ್ತಾರೆ. ಪೆರು ದೇಶದ ಮಾನದಂಡದಲ್ಲಿ 23 ಮೈಕ್ರಾನ್‌ವರೆಗಿನದು ಬೇಬಿ. ದಪ್ಪ ಏರುತ್ತ 31.5 ದಾಟಿದರೆ ಅದು ಒರಟು, ಮೈಗೆ ಹಾಕುವಂಥದ್ದಲ್ಲ. ಮೊದಲ ಸಲ ಕತ್ತರಿಸಿದ ಉಣ್ಣೆ ಸಾಮಾನ್ಯವಾಗಿ ಹೆಚ್ಚು ನವಿರಾಗಿರುತ್ತದೆ ಎನ್ನುವುದು ನಿಜ. ಆದರೆ ಒಳ್ಳೆಯ ತಳಿಯ, ವಯಸ್ಸಾದ ಪ್ರಾಣಿಯ ಬೆನ್ನಿನ ಉಣ್ಣೆಯೂ ಇದೇ ದರ್ಜೆಗೆ ಬರಬಹುದು. ನಿಮ್ಮ ಮೊಮ್ಮಗಳು ಲೇಬಲ್ ಓದಿ ಹಾಗೆ ತಿಳಿದುಕೊಂಡದ್ದರಲ್ಲಿ ತಪ್ಪೇನಿಲ್ಲ, ಅಂಗಡಿಯವರೇ ಆ ಹೆಸರಿಟ್ಟು ಮಾರುತ್ತಾರೆ.

ಈ ಪ್ರಾಣಿ ಇರುವುದು ಆಂಡೀಸ್ ಪರ್ವತದ ಮೇಲಿನ ಹುಲ್ಲುಗಾವಲಿನಲ್ಲಿ. ಅಲ್ಲಿಯವರು ಪುನಾ ಎಂದು ಕರೆಯುವ ಆ ಬಯಲು ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿದೆ. ಬೆಳೆ ಬರುವುದು ಕಷ್ಟ, ರಾತ್ರಿ ನೀರು ಗಡ್ಡೆಕಟ್ಟುತ್ತದೆ. ವಿಕುನ್ಯಾ ಎಂಬ ಕಾಡುಪ್ರಾಣಿಯನ್ನು ಅಲ್ಲಿನ ಜನ ಆರೇಳು ಸಾವಿರ ವರ್ಷದ ಹಿಂದೆ ಪಳಗಿಸಿ ಅಲ್ಪಾಕ ಮಾಡಿಕೊಂಡರು. ಒಂಟೆಯ ಕುಲದ್ದು, ಆದರೆ ಗೂನಿಲ್ಲ, ಗಾತ್ರದಲ್ಲಿ ದೊಡ್ಡ ಟಗರಿಗಿಂತ ಒಂದಿಷ್ಟು ಹೆಚ್ಚು. ಕಾಲಿಗೆ ಗೊರಸಿನ ಬದಲು ಮೆತ್ತನೆಯ ಪಾದವಿರುವುದರಿಂದ ನೆಲ ಕಿತ್ತುಹೋಗುವುದಿಲ್ಲ. ಹನ್ನೊಂದು ತಿಂಗಳಿಗೂ ಹೆಚ್ಚು ಹೊತ್ತು ಒಂದೇ ಒಂದು ಮರಿ ಹಾಕುತ್ತದೆ. ಇಡೀ ಹಿಂಡು ಒಂದೇ ಜಾಗದಲ್ಲಿ ಹಿಕ್ಕೆ ಹಾಕುವ ಶಿಸ್ತಿನದು. ಒಣಗಿದ ಆ ಹಿಕ್ಕೆ ನಮ್ಮ ಬೆರಣಿಯಂತೆ ಒಲೆಗೆ ಬರುತ್ತದೆ. ಸಿಟ್ಟು ಬಂದರೆ ಉಗುಳುತ್ತದೆ, ಕಳವಳವಾದರೆ ಗಂಟಲಲ್ಲೇ ಹೂಂಗುಟ್ಟುತ್ತದೆ. (ಬಾಗಿಲು ಹಾಕಿಕೊಳ್ಳುವ ಹದಿಹರೆಯದವರಿಗಿಂತ ಇದರ ಮನಸ್ಸು ತಿಳಿಯುವುದು ಸುಲಭ ಎನ್ನಬಹುದು.)

ಇದರ ಉಣ್ಣೆ ತಾನಾಗಿ ಉದುರುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ, ಕೆಲವೆಡೆ ಎರಡು ವರ್ಷಕ್ಕೊಮ್ಮೆ, ಚಳಿಯ ಕಾಟ ಕಡಿಮೆಯಿರುವ ತಿಂಗಳುಗಳಲ್ಲಿ ಕತ್ತರಿಸುತ್ತಾರೆ. ಒಂದು ಪ್ರಾಣಿಯಿಂದ ಎರಡು ಮೂರು ಕಿಲೋ ಉಣ್ಣೆ ಬರುತ್ತದೆ. ಅದಕ್ಕಾಗಿ ಪ್ರಾಣಿಯನ್ನು ಕೊಲ್ಲುವುದಿಲ್ಲ. ಕೊಂದರೆ ಮುಂದಿನ ವರ್ಷದ ಉಣ್ಣೆ ಹೋಯಿತಲ್ಲ. ಹದಿನೈದು ಇಪ್ಪತ್ತು ವರ್ಷ ಬದುಕುವ ಪ್ರಾಣಿ ಇದು.

ಮೇಯಿಸುವವರು ಬಹುಪಾಲು ಸಣ್ಣ ಹಿಂಡಿನ ಬಡ ಕುಟುಂಬದವರು. ಚಳಿಯ ಅಲೆ ಬಂದ ವರ್ಷ ಎಳೆಯ ಮರಿಗಳು ಸಾಲಾಗಿ ಸಾಯುತ್ತವೆ. ಉಣ್ಣೆಯನ್ನು ಅವರು ಊರೂರು ಸುತ್ತುವ ದಲ್ಲಾಳಿಗೆ ಕೊಡುತ್ತಾರೆ. ದಲ್ಲಾಳಿ ಅದನ್ನು ಅರೆಕಿಪಾ ಊರಿನ ಗಿರಣಿಗಳಿಗೆ ಮುಟ್ಟಿಸುತ್ತಾನೆ. ಗಿರಣಿಯಲ್ಲಿ ಪಳಗಿದ ಹೆಂಗಸರು ಬೆರಳಿನಿಂದಲೇ ಮುಟ್ಟಿ ನೋಡಿ ನವಿರು, ಒರಟು, ಬಣ್ಣ ಎಂದು ಬೇರ್ಪಡಿಸುತ್ತಾರೆ. ‘ಬೇಬಿ’ ಎಂಬ ದರ್ಜೆ ಹುಟ್ಟುವುದು, ಬೆಲೆ ಏರುವುದು ಅಲ್ಲಿ. ಗುಡ್ಡದ ಮೇಲಿನ ಕುಟುಂಬಕ್ಕೆ ಮಾತ್ರ ಎಷ್ಟೋ ಕಡೆ ನವಿರಿಗೂ ಒರಟಿಗೂ ಒಂದೇ ದರ, ತೂಕದ ಲೆಕ್ಕ. ನಿಮ್ಮ ಬಡಾವಣೆಗೆ ಯಾರ ಹೆಸರಿದೆಯೋ ಆ ಚಾಣಕ್ಯ, ಅಂದರೆ ಕೌಟಿಲ್ಯನಿಗೆ ಇದು ಸರಿ ಕಾಣುತ್ತಿರಲಿಲ್ಲ. ಅವನ ಅರ್ಥಶಾಸ್ತ್ರದಲ್ಲಿ ನೂಲಿನ ಮೇಲ್ವಿಚಾರಕನಾದ ಸೂತ್ರಾಧ್ಯಕ್ಷನ ಪ್ರಕರಣವಿದೆ. ವಿಧವೆಯರು, ಅಂಗವಿಕಲ ಹೆಂಗಸರಂಥವರಿಗೆ ಉಣ್ಣೆ, ಹತ್ತಿ ನೂಲುವ ಕೆಲಸ ಕೊಡಬೇಕು, ನೂಲು ನವಿರೋ ಒರಟೋ ನಡುವಿನದೋ ನೋಡಿ ಕೂಲಿ ನಿಗದಿ ಮಾಡಬೇಕು ಎಂದಿದೆ. ಆಡು ಕುರಿಗಳ ಉಣ್ಣೆಯನ್ನು ಆರು ತಿಂಗಳಿಗೊಮ್ಮೆ ತೆಗೆಯಬೇಕೆಂಬ ಮಾತೂ ಅದೇ ಗ್ರಂಥದಲ್ಲಿದೆ. ಮರೆತೇ ಹೋಗಿದ್ದ ಆ ಗ್ರಂಥದ ಓಲೆಗರಿ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಮೊಮ್ಮಗಳಿಗೆ ಇದನ್ನು ಹೇಳಿ. ಅಜ್ಜಿಯ ವಾದ ಗೆಲ್ಲಲಿ ಎಂದಲ್ಲ, ಉಣ್ಣೆಯ ಕೂಲಿ ಯಾರಿಗೆ ಸೇರಬೇಕು ಎಂಬ ಪ್ರಶ್ನೆ ಅವಳಿಗೆ ಹಿಡಿಸುತ್ತದೆ ಎಂದು.

ಇನ್ನು ಆ ವಿಡಿಯೊ. ಅದು ಯಾವುದೆಂದು ನೋಡದೆ ಹೇಳಲಾರೆ, ಆದರೆ ಅಂಥದ್ದು ನಡೆದದ್ದು ಸುಳ್ಳಲ್ಲ. 2020ರಲ್ಲಿ ಪ್ರಾಣಿಗಳ ಹಕ್ಕಿನ ಪರ ಕೆಲಸ ಮಾಡುವ ಪೇಟಾ ಸಂಸ್ಥೆ ಪೆರುವಿನ ಒಂದು ದೊಡ್ಡ ಫಾರಂನ ದೃಶ್ಯಗಳನ್ನು ಹೊರತಂದಿತು. ಕೈಕಾಲು ಎಳೆದು ಕಟ್ಟಿ, ಅವಸರದಲ್ಲಿ ಕತ್ತರಿಸಿ, ಗಾಯ ಮಾಡಿ, ಆ ಗಾಯವನ್ನು ಹಾಗೇ ಒರಟಾಗಿ ಹೊಲಿದದ್ದು ಅದರಲ್ಲಿತ್ತು. ಕೆಲವು ಬಟ್ಟೆ ಕಂಪನಿಗಳು ಅಲ್ಪಾಕ ಕೊಳ್ಳುವುದನ್ನೇ ಬಿಟ್ಟವು. ಮರುವರ್ಷ, 2021ರಲ್ಲಿ, ಟೆಕ್ಸ್‌ಟೈಲ್ ಎಕ್ಸ್‌ಚೇಂಜ್ ಎಂಬ ಸಂಸ್ಥೆ ‘ರೆಸ್ಪಾನ್ಸಿಬಲ್ ಅಲ್ಪಾಕ ಸ್ಟ್ಯಾಂಡರ್ಡ್’ ಎಂಬ ನಿಯಮಾವಳಿ ತಂದಿತು. ಅದರಂತೆ ನಡೆಯುವ ಫಾರಂಗಳನ್ನು ಹೊರಗಿನವರು ಬಂದು ತಪಾಸಣೆ ಮಾಡುತ್ತಾರೆ. ಕತ್ತರಿಸುವಾಗ ಪ್ರಾಣಿಯನ್ನು ಅಲ್ಲಾಡದಂತೆ ಹಿಡಿಯಲೇಬೇಕು, ಇಲ್ಲದಿದ್ದರೆ ಕತ್ತರಿ ಅದರ ಚರ್ಮಕ್ಕೇ ತಗಲುತ್ತದೆ. ನಿಧಾನವಾಗಿ, ಕೈ ಪಳಗಿದವರು ಮಾಡಿದರೆ ಕೆಲವೇ ನಿಮಿಷದ ಗಾಬರಿಯಲ್ಲಿ ಮುಗಿಯುತ್ತದೆ. ತಲೆಗಿಷ್ಟು ಎಂದು ಕೂಲಿ ಕೊಟ್ಟು ಓಡಿಸಿದರೆ ನೀವು ಕಂಡ ವಿಡಿಯೊ ಆಗುತ್ತದೆ.

ಮುಚ್ಚಿಡಬಾರದ ಇನ್ನೊಂದು ಮಾತಿದೆ. ಆಂಡೀಸಿನ ಜನ ಅಲ್ಪಾಕದ ಮಾಂಸ ತಿನ್ನುತ್ತಾರೆ. ಉಣ್ಣೆಗೆ ಬಾರದಷ್ಟು ಮುದಿಯಾದದ್ದು ಅಡುಗೆಮನೆ ಸೇರುತ್ತದೆ. ಮೊಮ್ಮಗಳು ಅದನ್ನೂ ಓದಿಯೇ ಇರುತ್ತಾಳೆ, ಓದಿಲ್ಲವಾದರೆ ನಾಳೆ ಓದುತ್ತಾಳೆ. ನಿಮ್ಮ ಬಾಯಿಂದಲೇ ಮೊದಲು ಕೇಳಲಿ. ಆಗ ನೀವು ಬರೀ ನಿಮ್ಮ ಸ್ವೆಟರಿನ ಪರ ಮಾತಾಡುತ್ತಿಲ್ಲ ಎಂದು ಅವಳಿಗೆ ಗೊತ್ತಾಗುತ್ತದೆ.

ಹಾಗಾದರೆ ಪಾಪವೇ ಅಂದರೆ, ನನ್ನ ಲೆಕ್ಕ ಇದು. ನಿಮ್ಮ ಕೈಲಿರುವ ಉಣ್ಣೆಗಾಗಿ ಯಾವ ಪ್ರಾಣಿಯ ಜೀವವೂ ಹೋಗಿಲ್ಲ. ಅದು ನೋವಿಲ್ಲದೆ ಬಂದಿತೇ ಎಂಬುದನ್ನು ಉಂಡೆ ಹೇಳುವುದಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಮೈಸೂರು ಸಿಲ್ಕ್ ಸೀರೆ ಖಂಡಿತ ಇರುತ್ತದೆ, ರಾಮನಗರದ ಮಾರುಕಟ್ಟೆಯಿಂದ ಹೊರಟ ಗೂಡುಗಳನ್ನು ಒಳಗಿನ ಹುಳುವಿನ ಸಮೇತ ಬೇಯಿಸಿಯೇ ಅದರ ನೂಲು ತೆಗೆಯುವುದು. ಆ ಸೀರೆಯ ಪಕ್ಕದಲ್ಲಿಟ್ಟರೆ ಅಲ್ಪಾಕ ಎಷ್ಟೋ ಸಾಧು. ಶಾಹ್‌ತೂಸ್ ಶಾಲಿನ ಪಕ್ಕದಲ್ಲಿಟ್ಟರಂತೂ ಹೋಲಿಕೆಯೇ ಇಲ್ಲ. ಅದಕ್ಕೆ ಟಿಬೆಟ್ಟಿನ ಚಿರು ಎಂಬ ಜಿಂಕೆಯಂಥ ಪ್ರಾಣಿಯನ್ನು ಕೊಲ್ಲಲೇಬೇಕು. 1972ರ ವನ್ಯಜೀವಿ ಕಾಯ್ದೆಯಲ್ಲಿ ಚಿರುವಿಗೆ ಮೊದಲ ಪಟ್ಟಿಯ ರಕ್ಷಣೆಯಿದ್ದರೂ ದೆಹಲಿಯ ಸಿರಿವಂತರ ಮದುವೆಗಳಲ್ಲಿ ಆ ಶಾಲಿನ ಮೋಹ ಬೇಗ ಹೋಗಲಿಲ್ಲ. ಲಡಾಖಿನ ಪಶ್ಮೀನಾ ಬೇರೆ. ಚಾಂಗ್‌ಥಾಂಗಿನ ಆಡುಗಳು ಬೇಸಿಗೆಯ ಹೊತ್ತಿಗೆ ಉದುರಿಸುವ ಒಳಗೂದಲನ್ನು ಬಾಚಿ ತೆಗೆದದ್ದು ಅದು.

ಆದರೆ ಈ ಹೋಲಿಕೆಗಳು ನಿಮ್ಮ ಸಮಾಧಾನಕ್ಕೆ. ಹುಡುಗಿಯ ಮೇಲೆ ಎಸೆಯಲು ಅಲ್ಲ. ‘ನೀನು ಹಾಕಿಕೊಳ್ಳುವ ಮಾಲ್‌ನ ಸ್ವೆಟರ್ ಅಕ್ರಿಲಿಕ್, ಪೆಟ್ರೋಲಿಯಂನಿಂದ ಮಾಡಿದ ಪ್ಲಾಸ್ಟಿಕ್, ಒಗೆದಾಗಲೆಲ್ಲ ನೂಲಿನ ಚೂರು ಯಮುನೆಗೆ ಹೋಗುತ್ತದೆ’ ಎಂದು ನೀವು ಹೇಳಬಹುದು, ಅದು ನಿಜವೂ ಹೌದು. ಅವಳು ಅದಕ್ಕೊಂದು ಉತ್ತರ ತರುತ್ತಾಳೆ, ನೀವು ಸಿಲ್ಕಿನ ಕಡೆ ಓಡುತ್ತೀರಿ, ಮತ್ತೆ ಬಾಗಿಲು ಮುಚ್ಚುತ್ತದೆ. ಧಾಬಳಿಯ ಮಾತೂ ಹಾಗೇ ಆಯಿತು. ಧಾಬಳಿ ಉಟ್ಟರೆ ತಾತನಿಗೆ ಮಡಿ ಆಗುತ್ತಿತ್ತು, ಸರಿ. ಅವಳು ಕೇಳಿದ್ದು ಮಡಿಯ ವಿಷಯವಲ್ಲ, ಪ್ರಾಣಿಯ ವಿಷಯ. ನೀವು ಕೊಟ್ಟದ್ದು ಅವಳ ಪ್ರಶ್ನೆಗೆ ಉತ್ತರವಲ್ಲ, ಅವಳ ವಯಸ್ಸಿಗೆ ಉತ್ತರ. ಹದಿನಾರು ವರ್ಷದವರಿಗೆ ಅದು ತಕ್ಷಣ ತಿಳಿಯುತ್ತದೆ.

ಮತ್ತೆ ನಿಮ್ಮನ್ನು ಚುಚ್ಚಿದ್ದು ಪಾಪದ ಮಾತೇ ಎಂದು ನನಗೆ ಅನುಮಾನ. ಕೆಳಗೆ ಬಿಸಿಲಿನಲ್ಲಿ ಕೂತು ಒಂದೊಂದು ಫಂದಾ, ಅಂದರೆ ಕಡ್ಡಿಯ ಕುಣಿಕೆ, ಎಣಿಸಿದ ಕೆಲಸವನ್ನು ಅವಳು ಲೇಬಲ್ ನೋಡಿ ಬೇಡ ಅಂದಳು. ಅದು ನೋವೇ. ಆ ನೋವು ಬೇರೆ, ಅಲ್ಪಾಕದ ನೋವು ಬೇರೆ. ಅವಳ ಮುಂದೆ ಎರಡನ್ನೂ ಬೇರೆ ಬೇರೆಯಾಗಿಯೇ ಇಡಿ. ‘ನೀನು ಬೇಡ ಅಂದದ್ದು ನನಗೆ ಬೇಜಾರಾಯಿತು. ಆದರೆ ನೀನು ಕೇಳಿದ್ದು ಕೇಳಬೇಕಾದದ್ದೇ’ – ಇಷ್ಟು ಸಾಕು. ಕ್ಷಮೆ ಕೇಳಿಸಿಕೊಳ್ಳಲು ಕಾಯಬೇಡಿ, ಹಾಕಿಕೋ ಎಂದು ಒತ್ತಾಯಿಸಲೂ ಬೇಡಿ. ತನ್ನ ಮೈಮೇಲೆ ಏನಿರಬೇಕು ಎಂದು ಯೋಚಿಸುವ ಹುಡುಗಿ ಮನೆಯಲ್ಲಿರುವುದು ಕೆಟ್ಟ ಸಂಗತಿಯಲ್ಲ.

ಆಮೇಲೆ ಉಂಡೆಯ ಲೇಬಲ್ಲನ್ನು ಅವಳ ಕೈಗೇ ಕೊಟ್ಟುಬಿಡಿ. ಕಂಪನಿಯ ಹೆಸರು, ದರ್ಜೆ, ಲಾಟ್ ನಂಬರ್ ಅದರಲ್ಲಿರುತ್ತದೆ. ನಿಯಮಾವಳಿಯ ಗುರುತು ಇದೆಯೇ ಎಂದು ಅವಳೇ ನೋಡಲಿ. ಇಲ್ಲದಿದ್ದರೆ ಕಂಪನಿಗೆ ಇಮೇಲ್ ಬರೆಯಲಿ: ಈ ಲಾಟ್ ಯಾವ ಪ್ರಾಂತದ್ದು, ಕತ್ತರಿಸುವವರಿಗೆ ತರಬೇತಿ ಇದೆಯೇ, ಮೇಯಿಸಿದವರಿಗೆ ನವಿರಿನ ದರ ಸಿಗುತ್ತದೆಯೇ. ಇಂಗ್ಲಿಷ್ ಅವಳದಾಗಲಿ, ಕೊನೆಯ ಪ್ರಶ್ನೆ ನಿಮ್ಮದಾಗಲಿ. ಉತ್ತರ ಬಾರದೆಯೂ ಇರಬಹುದು. ಬಾರದಿದ್ದರೆ ಮುಂದೆ ಆ ನೂಲು ಕೊಳ್ಳಬೇಕೇ ಬೇಡವೇ ಎಂದು ಇಬ್ಬರೂ ಸೇರಿ ತೀರ್ಮಾನ ಮಾಡಬಹುದು.

ಬಿಚ್ಚಬೇಡಿ. ಬಿಚ್ಚಿದರೆ ಪ್ರಾಣಿಗೆ ಉಣ್ಣೆ ವಾಪಸ್ ಹೋಗುವುದಿಲ್ಲ. ಅಲ್ಲದೆ ಹೆಣೆದ ಅಲ್ಪಾಕದ ಮೇಲಿನ ಕೂದಲು ಒಂದಕ್ಕೊಂದು ಸಿಕ್ಕಿಕೊಂಡಿರುತ್ತದೆ, ಎಳೆದಷ್ಟೂ ಗಂಟಾಗಬಹುದು. ಸೊಸೆಯ ಸಲಹೆಯೂ ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಯಾರಿಗೂ ಬೇಡವಾದದ್ದನ್ನು ಅರ್ಧಕ್ಕೇ ಕೆಲಸದವಳ ಕೈಗೆ ಹಾಕುವುದು ಕೊಡುಗೆ ಆಗುವುದಿಲ್ಲ. ಅವಳಿಗೆ ಕೊಡುವ ಮನಸ್ಸಿದ್ದರೆ ಅವಳ ಅಳತೆ ತೆಗೆದುಕೊಂಡು, ಬಣ್ಣ ಕೇಳಿ ಹೆಣೆದು ಕೊಡಿ.

ಈ ಸ್ವೆಟರ್ ನಿಮಗಾಗಲಿ. ನಿಮ್ಮ ಪತ್ರದಲ್ಲಿ ಸೈನಿಕರ ಮಫ್ಲರ್ ಇದೆ, ಮೊಮ್ಮಗಳ ಸ್ವೆಟರ್ ಇದೆ, ತಾತನ ಧಾಬಳಿಯೂ ಇದೆ. ದೆಹಲಿಯ ಜನವರಿಯಲ್ಲಿ ಆ ಹುಲ್ಲಿನ ಮೇಲೆ ಕೂತಾಗ ನೀವು ಏನು ಹಾಕಿಕೊಂಡಿರುತ್ತೀರಿ ಎಂಬುದು ಮಾತ್ರ ಎಲ್ಲೂ ಇಲ್ಲ.

ಹುಡುಗಿಯ ಅಳತೆಯ ಬೆನ್ನು ನಿಮಗೆ ಕಿರಿದಾಗಬಹುದು, ಚಿಂತೆಯಿಲ್ಲ. ಮುಂದೆ ತೆರೆದಿರುವ ತೋಳಿಲ್ಲದ ಕಾರ್ಡಿಗನ್ ಮಾಡಿ, ಮುಂಭಾಗದ ಎರಡು ಪಲ್ಲಾಗಳಿಗೆ ಫಂದಾ ಹೆಚ್ಚಿಗೆ ಹಾಕಿ ಅಗಲ ಸರಿದೂಗಿಸಿ. ಹತ್ತು ಉಂಡೆಯಲ್ಲಿ ಆರರ ಆಸುಪಾಸಿನಲ್ಲಿ ಮುಗಿಯಬೇಕು. ಉಳಿದದ್ದರಲ್ಲಿ ಗೇಟಿನ ರಾತ್ರಿ ಪಾಳಿಯವರಿಗೆ ಟೋಪಿ ಆಗುತ್ತದೆ.

ಪಲ್ಲಾ ಉದ್ದವಾದದ್ದು ನಿಮ್ಮ ಕೈಯ ದೋಷವಲ್ಲ. ಕುರಿಯ ಉಣ್ಣೆಯ ಎಳೆಯಲ್ಲಿ ಸಣ್ಣ ಸುರುಳಿಗಳಿದ್ದು ಎಳೆದರೆ ಮತ್ತೆ ಹಿಂದಕ್ಕೆ ಬರುತ್ತದೆ. ಅಲ್ಪಾಕದಲ್ಲಿ ಆ ಸುರುಳಿ ಕಡಿಮೆ, ಎಳೆಯ ಮೈ ನುಣುಪು. ಹೆಣೆದದ್ದು ತನ್ನ ಭಾರಕ್ಕೇ ಇಳಿಯುತ್ತದೆ, ಒದ್ದೆಯಾದಾಗ ಇನ್ನೂ ಹೆಚ್ಚು. ಆದ್ದರಿಂದ ತಂತಿಗೆ ಯಾವತ್ತೂ ಹಾಕಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಶಾಂಪೂ ಹಾಕಿ ಅದ್ದಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಅಳತೆಗೆ ತಳ್ಳಿ ಕೂರಿಸಿ ನೆರಳಲ್ಲಿ ಒಣಗಿಸಿ. ಆ ಎರಡು ಬೆರಳಿನಲ್ಲಿ ಸ್ವಲ್ಪವಾದರೂ ವಾಪಸ್ ಬರುತ್ತದೆ. ಉಳಿದ ಭಾಗಕ್ಕೆ ಕಡ್ಡಿ ಬದಲಿಸಿ. ನೀವು ಎಂಟನೇ ನಂಬರ್ ಹಿಡಿದಿದ್ದರೆ ಒಂಬತ್ತು ಅಥವಾ ಹತ್ತಕ್ಕೆ ಹೋಗಿ, ಹೆಣಿಗೆ ಬಿಗಿಯಾಗಲಿ. ಮೊದಲು ಅಂಗೈಯಗಲ ಒಂದು ತುಂಡು ಹೆಣೆದು, ತೋಯಿಸಿ, ಕ್ಲಿಪ್ಪು ಸಿಕ್ಕಿಸಿ ಒಂದು ರಾತ್ರಿ ನೇತುಹಾಕಿದರೆ ಎಷ್ಟು ಇಳಿಯುತ್ತದೆಂದು ಗೊತ್ತಾಗುತ್ತದೆ. ಭುಜದ ಹೊಲಿಗೆಯ ಒಳಗೆ ಹತ್ತಿಯ ಪಟ್ಟಿ ಕೊಟ್ಟು ಹೊಲಿಯಿರಿ, ಜೇಬು ಮಾತ್ರ ಬೇಡ, ಕನ್ನಡಕದ ಡಬ್ಬಿ ಇಟ್ಟ ದಿನವೇ ಮೊಣಕಾಲಿಗೆ ಬರುತ್ತದೆ. ಹೋಳಿ ಹಬ್ಬ ಕಳೆದ ಮೇಲೆ ತೊಳೆದು, ಚೆನ್ನಾಗಿ ಒಣಗಿಸಿ, ಬೇವಿನೆಲೆಯ ಜೊತೆ ಜಿಪ್ ಚೀಲದಲ್ಲಿ ಮಡಿಸಿಡಿ. ಬೆವರು, ಎಣ್ಣೆ ಉಳಿದ ಬಟ್ಟೆಯನ್ನೇ ನುಸಿ ಮೊದಲು ಹುಡುಕುವುದು, ಮಳೆಗಾಲದಲ್ಲಿ ಒಮ್ಮೆ ತೆಗೆದು ಬಿಸಿಲಿಗೆ ಹರಡಿ ನೋಡಿ.

ಹುಲ್ಲಿನ ಮೇಲೆ ಕೂರುವಾಗ ಕನ್ನಡದ ಒಂದು ಮಾತಿಗೆ ಜೊತೆ ಸಿಗುತ್ತದೆಯೋ ಇಲ್ಲವೋ ನೀವು ಬರೆದಿಲ್ಲ. ಆರ್.ಕೆ. ಪುರಂ ಸೆಕ್ಟರ್ 12ರಲ್ಲಿ ದೆಹಲಿ ಕರ್ನಾಟಕ ಸಂಘವಿದೆ, ವಿನಯ ಮಾರ್ಗದಿಂದ ಬಹಳ ದೂರವೇನಲ್ಲ. ಭಾನುವಾರ ಮಗನ ಜೊತೆ ಹೋದಾಗ ಕಡ್ಡಿಯ ಚೀಲ ತೆಗೆದುಕೊಂಡು ಹೋಗಿ. ಹಿಂದೆ ಇದೇ ಊರಿನ ಸರ್ಕಾರಿ ಕಚೇರಿಗಳ ಹುಲ್ಲುಹಾಸಿನಲ್ಲಿ ಊಟದ ಹೊತ್ತಿಗೆ ಸಾಲಾಗಿ ಕೂತು ಹೆಣೆಯುತ್ತಿದ್ದ ಹೆಂಗಸರೆಲ್ಲ ಈಗ ನಿವೃತ್ತರು, ಅವರಲ್ಲಿ ಕನ್ನಡದವರೂ ಒಬ್ಬಿಬ್ಬರು ಸಿಕ್ಕಾರು.

ಮೊಮ್ಮಗಳಿಗೆ ಏನೂ ಹೆಣೆಯಬಾರದು ಎಂದಲ್ಲ. ನೂಲು ಅವಳೇ ಆರಿಸಲಿ, ಅಂಗಡಿಗೆ ಜೊತೆಗೇ ಹೋಗಿ. ಬಹುಶಃ ಹತ್ತಿ ಅನ್ನುತ್ತಾಳೆ. ಹತ್ತಿಯೂ ಭಾರಕ್ಕೆ ಇಳಿಯುವ ನೂಲೇ, ಬೆಚ್ಚಗೂ ಅಷ್ಟಿಲ್ಲ, ಆದ್ದರಿಂದ ಡಿಸೆಂಬರ್ ಬಿಟ್ಟು ಫೆಬ್ರುವರಿ ಕೊನೆಯ ಹವೆಗೆ ಆಗುವಂತೆ ಅರ್ಧ ತೋಳಿನದು ಹೆಣೆಯಿರಿ. ಅಳತೆ ತೆಗೆಯುವಾಗ ಉದ್ದಕ್ಕೆ ಸ್ವಲ್ಪ ಕಡಿಮೆಯೇ ಇಟ್ಟುಕೊಳ್ಳಿ, ಹಾಕಿಕೊಳ್ಳುತ್ತ ನೂಲು ತಾನಾಗಿ ಅಷ್ಟು ಇಳಿಯುತ್ತದೆ.